ಪೌಡರ್ ಹಾಕುವ ಮುಂಚೆ ಮೂಸಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಡೊಂಬಿವಲಿ, ಭಾಂಡುಪ್, ಸಯನ್, ಮುಂಬಯಿಯ ಯಾವ ಮೂಲೆಯಲ್ಲಿ ಕೂತು ಕೇಳುತ್ತಿದ್ದರೂ ಸರಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಗ್ಯಾಸ್ ಸಣ್ಣ ಮಾಡಿ ಸ್ವಲ್ಪ ಇತ್ತ ಕಿವಿ ಕೊಡಿ. ಇವತ್ತಿನ ವಿಷಯ ಮಕ್ಕಳ ಮೈಯಿಂದ ಬರುವ ವಾಸನೆ. ಇದನ್ನು ಹೇಳಿಕೊಳ್ಳಲು ತಾಯಂದಿರಿಗೆ ನಾಚಿಕೆ. ಮಗುವನ್ನು ಚೊಕ್ಕವಾಗಿ ಇಟ್ಟುಕೊಂಡಿಲ್ಲ ಅಂತ ಡಾಕ್ಟರ್ ಅಂದುಕೊಂಡರೆ? ಅದಕ್ಕೇ ದಿನಕ್ಕೆ ಎರಡು ಸ್ನಾನ, ಮೇಲೆ ಒಂದಿಷ್ಟು ಪೌಡರ್. ನಾನು ಹೇಳುವುದು ಒಂದೇ ಮಾತು: ವಾಸನೆಯನ್ನು ಮುಚ್ಚಬೇಡಿ. ಎಲ್ಲಿಂದ ಬರುತ್ತಿದೆ ಅಂತ ಮೂಸಿ ನೋಡಿ.

ಎಲ್ಲ ವಾಸನೆಗೂ ಹೆದರಬೇಕಾಗಿಲ್ಲ. ನಮ್ಮ ಮಳೆಗಾಲದಲ್ಲಿ ಶಾಲೆಯ ಬೂಟು ಒಣಗುವುದೇ ಇಲ್ಲ, ಕಾಲು ನಾರುತ್ತದೆ. ಶಾಲೆಯ ಟಾಯ್ಲೆಟ್‌ಗೆ ಹೋಗಬೇಕಲ್ಲ ಅಂತ ಮಕ್ಕಳು ನೀರೇ ಕುಡಿಯುವುದಿಲ್ಲ, ಮೂತ್ರ ಘಾಟು ಹೊಡೆಯುತ್ತದೆ. ಕೂಸಿನ ಕತ್ತಿನ ಮಡಿಕೆಯಲ್ಲಿ ಹಾಲು ಇಳಿದು ಹುಳಿ ವಾಸನೆ ಬರುತ್ತದೆ. ತೊಳೆದು, ಒರೆಸಿ, ನೀರು ಕುಡಿಸಿದ ಮೇಲೆ ಹೋಗುವ ವಾಸನೆಗೆ ಡಾಕ್ಟರ್ ಬೇಡ. ತೊಳೆದ ಮೇಲೂ ಮತ್ತೆ ಮತ್ತೆ ಬರುವ ವಾಸನೆಗೆ ಬೇಕು.

ಇಲ್ಲಿ ಒಂದು ಕತೆ ಹೇಳಲೇಬೇಕು. ನನಗೆ ತುಂಬಾ ಇಷ್ಟವಾದ, ನಿಜವಾಗಿ ನಡೆದ ಕತೆ. ನಾರ್ವೆ ದೇಶದಲ್ಲಿ ಬೋರ್ಗ್ನಿ ಎಗೆಲಾಂಡ್ ಅಂತ ಒಬ್ಬ ತಾಯಿ ಇದ್ದರು. ಇಬ್ಬರು ಮಕ್ಕಳು, ಹುಡುಗಿ ಲಿವ್, ಹುಡುಗ ಡಾಗ್. ಹುಟ್ಟಿದಾಗ ಇಬ್ಬರೂ ಚೆನ್ನಾಗಿಯೇ ಇದ್ದರು. ಬೆಳೆಯುತ್ತ ಬುದ್ಧಿ ಹಿಂದೆ ಬಿತ್ತು, ಮಾತು ಸರಿಯಾಗಿ ಬರಲಿಲ್ಲ. ಮಕ್ಕಳ ಮೈಗೆ ಒಂದು ವಿಚಿತ್ರ ವಾಸನೆ ಅಂಟಿಕೊಂಡಿರುವುದನ್ನು ಈ ತಾಯಿ ಗಮನಿಸಿದರು. ಡಾಕ್ಟರಿಂದ ಡಾಕ್ಟರಿಗೆ ಅಲೆದರು, ಯಾರಿಂದಲೂ ಉತ್ತರ ಸಿಗಲಿಲ್ಲ. ಆಕೆ ಬಿಡಲಿಲ್ಲ. 1934ರಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಆ ಮಾತಿಗೆ ಬೆಲೆ ಕೊಟ್ಟು ಮಕ್ಕಳ ಮೂತ್ರ ತರಿಸಿಕೊಂಡರು. ಅದಕ್ಕೆ ಫೆರಿಕ್ ಕ್ಲೋರೈಡ್ ಎಂಬ ರಾಸಾಯನಿಕ ಹಾಕಿದರೆ ಬಣ್ಣ ಕಡು ಹಸಿರು! ಅವರು ಅಂಥದ್ದನ್ನು ಹಿಂದೆ ನೋಡಿರಲೇ ಇಲ್ಲ. ಇನ್ನೂ ತನ್ನಿ ಅಂದರು. ತಾಯಿ ಮತ್ತೆ ಮತ್ತೆ ತಂದು ಕೊಟ್ಟರು. ಲೀಟರ್‌ಗಟ್ಟಲೆ ಮೂತ್ರ ಸೋಸಿ ಹುಡುಕಿದಾಗ ಸಿಕ್ಕಿದ್ದು ಫಿನೈಲ್‌ಪೈರುವಿಕ್ ಆಮ್ಲ, ಆರೋಗ್ಯವಂತರ ಮೂತ್ರದಲ್ಲಿ ಹೀಗೆ ಕಾಣದ ವಸ್ತು. ನಾವು ತಿನ್ನುವ ಪ್ರೋಟೀನ್‌ನಲ್ಲಿರುವ ಒಂದು ಅಂಶವನ್ನು ಈ ಮಕ್ಕಳ ಮೈ ಅರಗಿಸಿಕೊಳ್ಳುವುದಿಲ್ಲ. ಅದು ರಕ್ತದಲ್ಲಿ ಏರಿ ಮಿದುಳನ್ನು ಕೆಡಿಸುತ್ತದೆ. ಇವತ್ತು ಅದಕ್ಕೆ ಪಿಕೆಯು ಅನ್ನುತ್ತೇವೆ.

ಆ ತಾಯಿಯ ಮಕ್ಕಳಿಗೆ ಇದರಿಂದ ಏನೂ ಪ್ರಯೋಜನ ಆಗಲಿಲ್ಲ. ಆಗ ಚಿಕಿತ್ಸೆಯೇ ಇರಲಿಲ್ಲ. ಆಮೇಲೆ 1950ರ ದಶಕದಲ್ಲಿ ಅದಕ್ಕೆ ಪಥ್ಯದ ಆಹಾರ ಬಂತು. 1960ರ ದಶಕದಲ್ಲಿ ರಾಬರ್ಟ್ ಗಥ್ರಿ ಎಂಬ ವೈದ್ಯರು ಕೂಸಿನ ಹಿಮ್ಮಡಿ ಚುಚ್ಚಿ ಒಂದೆರಡು ಹನಿ ರಕ್ತದಲ್ಲಿ ಇದನ್ನು ಹಿಡಿಯುವ ಪರೀಕ್ಷೆ ಕೊಟ್ಟರು. ಹುಟ್ಟಿದ ಮೊದಲ ವಾರಗಳಲ್ಲೇ ಗೊತ್ತಾಗಿ ಪಥ್ಯ ಶುರುವಾದರೆ ಮಗು ಎಲ್ಲರ ಹಾಗೆ ಓದಿ ಬೆಳೆಯುತ್ತದೆ. ಇದೆಲ್ಲ ಶುರುವಾಗಿದ್ದು ಒಬ್ಬ ತಾಯಿಯ ಮೂಗಿನಿಂದ. ಆಕೆ ಸುಮ್ನೆ ಪೌಡರ್ ಹಾಕಿ ಕೂತಿದ್ದರೆ?

ಹೆರಿಗೆಯಾದ ಆಸ್ಪತ್ರೆಯಲ್ಲಿ ಈ ಹಿಮ್ಮಡಿ ಪರೀಕ್ಷೆ ಮಾಡುತ್ತೀರಾ ಅಂತ ಕೇಳಿ. ಸೋದರಮಾವ, ಅತ್ತೆಯ ಮಗ ಅಂತ ಸಂಬಂಧದೊಳಗೇ ಮದುವೆ ಆದವರು ತಪ್ಪದೆ ಕೇಳಿ. ಇಂಥ ಕಾಯಿಲೆ ಅಲ್ಲಿ ಜಾಸ್ತಿ. ಹುಟ್ಟಿ ವಾರ ತುಂಬದ ಕೂಸಿನ ಮೂತ್ರ ಸಕ್ಕರೆ ಸೀದ ಹಾಗೆ ನಾರಿ, ಕೂಸು ಹಾಲು ಬಿಟ್ಟು ಮಂಕಾಗಿದ್ದರೆ ಅವತ್ತೇ ಮಕ್ಕಳ ಆಸ್ಪತ್ರೆಗೆ ಹೊರಡಿ. ಬಾಣಂತಿ ಮೆಂತ್ಯೆ ಲಾಡು ತಿಂದರೂ ಕೂಸಿನ ಮೂತ್ರಕ್ಕೆ ಅದೇ ವಾಸನೆ ಬರುವುದುಂಟು. ಅದನ್ನೂ ಡಾಕ್ಟರಿಗೆ ಹೇಳಿ.

ಇನ್ನು ಮೂಗು. ಕುಂದಾಪುರ ಕಡೆಯ ಅಜ್ಜಿಯೊಬ್ಬರು ಮೂರು ವರ್ಷದ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. "ಡಾಕ್ಟ್ರೇ, ಹತ್ತಿರ ಕೂರಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ಮೂರು ಸಲ ಹಲ್ಲುಜ್ಜಿಸಿದೆ, ದೃಷ್ಟಿಯೂ ತೆಗೆದೆ." ನೋಡಿದರೆ ಎಡ ಹೊಳ್ಳೆ ಒಣಗಿದೆ, ಬಲ ಹೊಳ್ಳೆಯಲ್ಲಿ ಮಾತ್ರ ಹಳದಿ ಸಿಂಬಳ. ಟಾರ್ಚ್ ಹಾಕಿದೆ. ಒಳಗೆ ಸೋಫಾದ ಸ್ಪಂಜಿನ ಚೂರು, ಕಪ್ಪಗೆ ಉಬ್ಬಿ ಕೂತಿತ್ತು. ಅದನ್ನು ತೆಗೆದ ಮೇಲೆ ವಾಸನೆಯೂ ಹೋಯಿತು. ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಒಳಗೆ ಏನೋ ಸಿಕ್ಕಿಕೊಂಡಿದೆ ಅಂತಲೇ ತಿಳಿಯಿರಿ. ಮನೆಯಲ್ಲಿ ಪಿನ್ನು, ಚಿಮಟ ಹಾಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಆಟಿಕೆಯ ಬಟನ್ ಬ್ಯಾಟರಿ ಆಗಿದ್ದರೆ ಎರಡೇ ಗಂಟೆಯಲ್ಲಿ ಒಳಗಿನ ಮಾಂಸ ಸುಡಬಹುದು. ವಾಸನೆ ಬರಲಿ ಅಂತ ಕಾಯಬೇಡಿ, ಅನುಮಾನ ಬಂದ ಕೂಡಲೇ ಹೊರಡಿ.

ಸಮಯ ಆಗುತ್ತಾ ಬಂತು, ಆದರೆ ಇದೊಂದನ್ನು ಬಿಡುವ ಹಾಗಿಲ್ಲ. ಮಗುವಿನ ಉಸಿರು ಕಳಿತ ಹಣ್ಣಿನ ಹಾಗೋ ನೇಲ್ ಪಾಲಿಶ್ ತೆಗೆಯುವ ದ್ರವದ ಹಾಗೋ ಬಂದರೆ, ಮಗು ಕೊಡಗಟ್ಟಲೆ ನೀರು ಕುಡಿಯುತ್ತಿದ್ದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದ್ದರೆ, ತೂಕ ಇಳಿದು ವಾಂತಿ ಆಗುತ್ತಿದ್ದರೆ, ಅದು ಸಕ್ಕರೆ ಕಾಯಿಲೆ. ಹೌದು, ಮಕ್ಕಳಿಗೂ ಬರುತ್ತದೆ. ಜಂತುಹುಳದ ಔಷಧಿ ಕೊಟ್ಟು ಬೆಳಗಾಗಲಿ ಅನ್ನಬೇಡಿ. ರಾತ್ರಿ ಹನ್ನೆರಡಾದರೂ 108ಕ್ಕೆ ಫೋನ್ ಮಾಡಿ.

ಹಸುಗೂಸಿನ ಹೊಕ್ಕುಳು ನಾರಿ ಸುತ್ತ ಕೆಂಪಾದರೆ ಅವತ್ತೇ ತೋರಿಸಿ, ಬೂದಿ ಹಚ್ಚಬೇಡಿ. ಕಿವಿ ಸೋರಿ ನಾರಿದರೆ ಎಣ್ಣೆ ಬಿಡಬೇಡಿ. ಹುಡುಗಿಗೆ ಎಂಟು, ಹುಡುಗನಿಗೆ ಒಂಬತ್ತು ತುಂಬುವ ಮೊದಲೇ ಕಂಕುಳಲ್ಲಿ ದೊಡ್ಡವರ ಬೆವರಿನ ವಾಸನೆ ಬಂದರೆ ಡಿಯೋಡ್ರೆಂಟ್ ತರುವ ಮುಂಚೆ ಡಾಕ್ಟರಿಗೆ ತೋರಿಸಿ. ಪುಟ್ಟ ಹುಡುಗಿಯ ಚಡ್ಡಿಯಲ್ಲಿ ನಾರುವ ಕಲೆ ಕಂಡರೆ ಮಗುವನ್ನು ಬೈಯಬೇಡಿ. ಡಾಕ್ಟರ ಹತ್ತಿರ ಮುಚ್ಚುಮರೆಯಿಲ್ಲದೆ ಹೇಳಿ.

ಕೊನೆಗೆ ಒಂದು ಕೋರಿಕೆ. ವಾಸನೆಗೆಂದು ಡಾಕ್ಟರಲ್ಲಿಗೆ ಬರುವ ದಿನ ದಯವಿಟ್ಟು ಮಗುವಿಗೆ ಉಜ್ಜಿ ಸ್ನಾನ ಮಾಡಿಸಿ, ಸೆಂಟು ಹಚ್ಚಿ ಕರೆತರಬೇಡಿ. ವಾಸನೆ ಬಂದ ಬಟ್ಟೆಯನ್ನು ಒಗೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿ. ನಾವೂ ಮೂಸಿಯೇ ನೋಡಬೇಕು. ನಮಸ್ಕಾರ.