ಮೂವತ್ತಾರು ದಾಟಿದ ರೀಲು

ಕೇಳುಗರಿಗೆಲ್ಲ ನಮಸ್ಕಾರ.

“ಒಳ್ಳೆಯ ಕ್ಯಾಮೆರಾ ಇರುವ ಹುಡುಗ ಮನೆಯಲ್ಲೇ ಇದ್ದಾನೆ, ಮದುವೆಗೆ ವೃತ್ತಿಯವರೇ ಏಕೆ ಬೇಕು?” ಎಂದು ಈಚೆಗೆ ಬಂಧುಗಳೊಬ್ಬರು ಕೇಳಿದರು. ಹಣ ಪಡೆದರೆ ವೃತ್ತಿಪರ, ಇಲ್ಲದಿದ್ದರೆ ಹವ್ಯಾಸಿ ಎಂಬುದು ಸುಲಭದ ಲೆಕ್ಕ. ಕೈಚಳಕವನ್ನು ಅದರಿಂದ ಅಳೆಯಲಾಗದು. ಮೂಡಿಗೆರೆಯ ತೇಜಸ್ವಿಯವರು ತೆಗೆದ ಹಕ್ಕಿಗಳ ಚಿತ್ರಗಳ ಮುಂದೆ ನಮ್ಮಂಥ ಎಷ್ಟೋ ಸ್ಟುಡಿಯೋದವರು ತಲೆಬಾಗಬೇಕು. ಆದರೆ ಹಕ್ಕಿ ಹಾರಿಹೋದರೆ ಅವರು ಮರುದಿನ ಮತ್ತೆ ಹೋಗಿ ಕಾಯಬಹುದಿತ್ತು. ನಮಗೆ ಆ ಅನುಕೂಲವಿಲ್ಲ.

ಒಂದು ಮದುವೆಯ ಮಾತು ಹೇಳುತ್ತೇನೆ. ರೀಲಿನ ಕಾಲ ಅದು. ಒಂದು ರೀಲಿಗೆ 36 ಚಿತ್ರ. ಧಾರೆ ಮುಗಿದು, ಮಾಂಗಲ್ಯಧಾರಣೆಯೂ ಆಗಿತ್ತು. ನೋಡುತ್ತೇನೆ, ಎಣಿಕೆ 36 ದಾಟಿದ್ದರೂ ಫಿಲ್ಮನ್ನು ಮುಂದೆ ಸರಿಸುವ ಲಿವರ್ ಬಿಗಿಯಾಗದೆ ಸರಾಗವಾಗಿ ಬರುತ್ತಿದೆ. ಎದೆ ಧಸಕ್ಕೆಂದಿತು. ಫಿಲ್ಮಿನ ತುದಿ ಒಳಗೆ ಸಿಕ್ಕಿಕೊಂಡೇ ಇರಲಿಲ್ಲ; ಒಂದು ಚಿತ್ರವೂ ಮೂಡಿರಲಿಲ್ಲ. ಸರಿಯಾಗಿ ಕೂತಿದ್ದರೆ ಲಿವರ್ ಎಳೆದಾಗಲೆಲ್ಲ ಎಡಗಡೆಯ, ಫಿಲ್ಮನ್ನು ಹಿಂದಕ್ಕೆ ಸುತ್ತುವ ರೀವೈಂಡ್ ಗುಂಡಿಯೂ ತಿರುಗಬೇಕು. ಗಡಿಬಿಡಿಯಲ್ಲಿ ನಾನು ಅತ್ತ ಕಣ್ಣು ಹಾಯಿಸಿರಲಿಲ್ಲ.

ಊಟಕ್ಕೆ ಎಲೆ ಹಾಕುವ ಮೊದಲೇ ಹುಡುಗಿಯ ತಂದೆಗೆ ನಿಜ ಹೇಳಿ, ಮುಂಗಡ ಹಿಂದಿರುಗಿಸಿದೆ. ಅವರು ಬೈಯಲಿಲ್ಲ. “ತಾಳಿಯನ್ನು ಮತ್ತೆ ಕಟ್ಟಿಸಲು ಆಗುವುದಿಲ್ಲವಲ್ಲಪ್ಪ” ಎಂದರು. ಅಂದಿನಿಂದ ನನ್ನ ಕೊರಳಲ್ಲಿ ಎರಡು ಕ್ಯಾಮೆರಾ. ಡಿಜಿಟಲ್ ಬಂದ ಮೇಲೂ ಎರಡು ಕಾರ್ಡಿಗೆ ಒಟ್ಟಿಗೇ ಚಿತ್ರ ಉಳಿಸುವ ಕ್ಯಾಮೆರಾವನ್ನೇ ಕೊಂಡೆ.

ಪತ್ರಿಕೆಯವರ ಪಾಡು ಇನ್ನೂ ಕಠಿಣ. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ. ಎಸ್. ಸತ್ಯನ್ 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿದವರು; 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಕೆಲಸದಲ್ಲಿ ಮಳೆಯಿರಲಿ, ಜ್ವರವಿರಲಿ, ಪುಟ ಅಚ್ಚಿಗೆ ಹೋಗುವ ಹೊತ್ತಿಗೆ ಚಿತ್ರ ಮೇಜಿನ ಮೇಲಿರಬೇಕು.

ಚಿತ್ರ ಕೊಟ್ಟಮೇಲೂ ಹೊಣೆ ಕಳೆಯುವುದಿಲ್ಲ. ಹೋದ ವರ್ಷ ಒಬ್ಬ ಹೆಣ್ಣುಮಗಳು ಸ್ಟುಡಿಯೋಕ್ಕೆ ಬಂದಳು. ತಾಯಿ ತೀರಿಕೊಂಡಿದ್ದರು, ವೈಕುಂಠ ಸಮಾರಾಧನೆಗೆ ಇಡಲು ಒಂದು ಫೋಟೋ ಇಲ್ಲ. ಕ್ಯಾಮೆರಾ ಕಂಡರೆ ಆಕೆ ಅಡುಗೆಮನೆಗೆ ಸರಿದುಬಿಡುತ್ತಿದ್ದರಂತೆ. 1996ರ ಒಂದು ಮದುವೆಯ ಗುಂಪಿನಲ್ಲಿ ಮಾತ್ರ ನಿಂತಿದ್ದ ನೆನಪು. ನನ್ನ ನೆಗೆಟಿವ್‌ಗಳೆಲ್ಲ ತಾರೀಖು ಬರೆದ ಲಕೋಟೆಗಳಲ್ಲಿ ಇವೆ. ಹುಡುಕಿದೆ. ಮೂರನೆಯ ಸಾಲಿನ ಕೊನೆಯಲ್ಲಿ, ಸಾಸಿವೆ ಕಾಳಿನಷ್ಟು ಮುಖ. ಸ್ಕ್ಯಾನ್ ಮಾಡಿ, ಧೂಳಿನ ಚುಕ್ಕೆಗಳನ್ನು ಒಂದೊಂದಾಗಿ ತೆಗೆದು, ದೊಡ್ಡದು ಮಾಡಿಕೊಟ್ಟೆ.

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ, “ಅಮ್ಮನ ಮೂಗುಬೊಟ್ಟೂ ಕಾಣುತ್ತಿದೆ” ಎಂದಳು.