ಶುಲ್ಕ ಕಟ್ಟಬೇಕಾದವರು ಯಾರು?

ನಮಸ್ಕಾರ. ಕ್ರಮಬದ್ಧವಲ್ಲದ ಸೈಟಿಗೆ ತೆರಿಗೆ ವಸೂಲಿಗಾಗಿ ಕೊಡುವ ‘ಬಿ’ ಖಾತೆಯನ್ನು ಪೂರ್ಣ ಮಾನ್ಯತೆಯ ‘ಎ’ ಖಾತೆಗೆ ಬದಲಿಸಿಕೊಳ್ಳಲು ಕಟ್ಟುವ ಶುಲ್ಕದ ಬಗ್ಗೆ ಈ ಪತ್ರ. ಬೆಂಗಳೂರಿನ ಮಾಗಡಿ ರಸ್ತೆಯ ಕಡೆ ನನ್ನ ಅಕ್ಕ ಇಪ್ಪತ್ತು-ಮೂವತ್ತರ ಒಂದು ರೆವಿನ್ಯೂ ಸೈಟು (ಕೃಷಿ ಜಮೀನಿನಲ್ಲೇ ಮಾಡಿದ ನಿವೇಶನ) ಕೊಂಡು ಮನೆ ಕಟ್ಟಿಕೊಂಡಿದ್ದಾಳೆ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ, ಅಂದರೆ ಗಡಿ ವಿವರದಲ್ಲಿ, ‘ಪೂರ್ವಕ್ಕೆ 20 ಅಡಿ ರಸ್ತೆ’ ಎಂದಿದೆ. ನಾನೇ ಟೇಪು ಹಿಡಿದು ಅಳೆದಾಗ ಸಿಕ್ಕಿದ್ದು 13 ಅಡಿ. ನೀರಿನ ಟ್ಯಾಂಕರು ತಿರುವಿನಲ್ಲೇ ನಿಲ್ಲುತ್ತದೆ, ಅಲ್ಲಿಂದ ಮನೆಯವರೆಗೆ ಪೈಪು ಎಳೆಯಬೇಕು. ‘ಬಿ’ ಖಾತೆ ಎಂಬ ಕಾರಣಕ್ಕೆ ಬ್ಯಾಂಕು ಸಾಲ ಕೊಡಲಿಲ್ಲ. ಆಸ್ತಿ ತೆರಿಗೆಯನ್ನು ಮಾತ್ರ ಆಕೆ ವರ್ಷವೂ ಕಟ್ಟುತ್ತಿದ್ದಾಳೆ.

ಕಾಗದಪತ್ರ ಸರಿಯಾಗಿ ನೋಡದೆ ಇಂಥ ಸೈಟು ಕೊಂಡವರದೇ ತಪ್ಪು ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಭೂಪರಿವರ್ತನೆ ಮಾಡಿಸದೆ, ಬಡಾವಣೆ ನಕ್ಷೆಗೆ ಮಂಜೂರಾತಿ ಪಡೆಯದೆ ಕೃಷಿ ಜಮೀನನ್ನು ತುಂಡು ಮಾಡಿ ಮಾರಿದವರು, ರಸ್ತೆಗೂ ಉದ್ಯಾನಕ್ಕೂ ಬಿಡಬೇಕಾಗಿದ್ದ ನೆಲವನ್ನು ಸಹ ಸೈಟಾಗಿಸಿ ಹಣ ಮಾಡಿಕೊಂಡರು. ಸರ್ಕಾರ ಮುದ್ರಾಂಕ ಶುಲ್ಕ ಪಡೆದು ಆ ಮಾರಾಟವನ್ನು ನೋಂದಾಯಿಸಿಕೊಟ್ಟಿತು.

ಕ್ರಮಬದ್ಧ ನಿವೇಶನಕ್ಕೆ ಕಾಯಬಹುದಿತ್ತಲ್ಲ ಎಂದರೆ, ಎಷ್ಟು ವರ್ಷ ಕಾಯಬೇಕಿತ್ತು? ನಾಡಪ್ರಭು ಕೆಂಪೇಗೌಡ ಬಡಾವಣೆಗಾಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 4,814 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2008ರಲ್ಲಿ, ಮೊದಲ 5,000 ನಿವೇಶನಗಳನ್ನು ಹಂಚಿದ್ದು 2016ರಲ್ಲಿ. ಅದೇ 2008ರಲ್ಲಿ ಅಧಿಸೂಚನೆಯಾದ ಶಿವರಾಮ ಕಾರಂತ ಬಡಾವಣೆಯ ಭೂಸ್ವಾಧೀನವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2018ರಲ್ಲಿ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ದುಡಿದು, ಚೀಟಿ ಎತ್ತಿ ನಾಲ್ಕು ಕಾಸು ಕೂಡಿಸಿಕೊಂಡ ಕುಟುಂಬ ಬಾಡಿಗೆ ಕಟ್ಟುತ್ತಾ ಅಷ್ಟು ಕಾಲ ಕಾದು ಕೂರಲಾಗದು.

ಇಂಥ ಸೈಟು, ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಕ್ರಮಬದ್ಧಗೊಳಿಸುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2025ರ ನವೆಂಬರ್‌ನಲ್ಲಿ, ಸರ್ಕಾರ ಆಸ್ತಿಗೆ ನಿಗದಿ ಮಾಡುವ ಮಾರ್ಗಸೂಚಿ ದರದ ಶೇ 5ರಷ್ಟು ಶುಲ್ಕ ಕಟ್ಟಿ ‘ಬಿ’ಯಿಂದ ‘ಎ’ ಖಾತೆಗೆ ಬರುವ ಅವಕಾಶ ತೆರೆಯಿತು. ಸಾಲ ಸಿಗಬಹುದು, ನಕ್ಷೆ ಮಂಜೂರಾಗಬಹುದು; ಇದು ಅಗತ್ಯವಾಗಿಯೇ ಇತ್ತು, ನಾನು ವಿರೋಧಿಸುವುದಿಲ್ಲ. ಆದರೆ ಈ ಶುಲ್ಕವನ್ನು ಕೊಂಡವರು ಮಾತ್ರ ಏಕೆ ಕಟ್ಟಬೇಕು? ರಸ್ತೆಯ ಏಳು ಅಡಿಯನ್ನು ಮಾರಿಕೊಂಡವರಿಂದಲೂ ಸರ್ಕಾರ ವಸೂಲಿ ಮಾಡಲಿ. ಜಮೀನಿನ ಮಾಲೀಕರು ಯಾರು, ಅವರಿಂದ ಜಿಪಿಎ (ಅವರ ಪರವಾಗಿ ಮಾರುವ ಅಧಿಕಾರಪತ್ರ) ಪಡೆದು ಸೈಟು ಮಾರಿದವರು ಯಾರು ಎಂದು ಹುಡುಕಾಡಬೇಕಾಗಿಲ್ಲ. ಅಕ್ಕನ ಕ್ರಯಪತ್ರದ ಮೊದಲ ಪುಟದಲ್ಲೇ ಇಬ್ಬರ ಹೆಸರೂ ವಿಳಾಸವೂ ಇವೆ.