ಕರಡು ಕಾನೂನಿಗೆ ದಾವಣಗೆರೆಯಿಂದ ಸಲಹೆ ಕಳಿಸೋದು ಹೇಗೆ?

[ದೃಶ್ಯ: ಜಯದೇವ ಸರ್ಕಲ್, ಸಂಜೆ. ಆರ್ಡರ್‌ಗೆ ಕಾಯ್ತಾ ಬೈಕ್ ಮೇಲೆ ಕೂತಿರೋ ಡೆಲಿವರಿ ಹುಡುಗರು.]

ನಿರೂಪಕಿ: ಇವರು ಕೆಲಸ ಮಾಡೋ ಆ್ಯಪ್‌ನ ಐಡಿ ನಾಳೆ ಬೆಳಿಗ್ಗೆ ಇದ್ದಕ್ಕಿದ್ದಂಗೆ ಬ್ಲಾಕ್ ಆದ್ರೆ ಯಾರನ್ನ ಕೇಳಬೇಕು? 2024ರ ಜೂನ್ 29ಕ್ಕೆ ರಾಜ್ಯದ ಕಾರ್ಮಿಕ ಇಲಾಖೆ ಗಿಗ್ ಕಾರ್ಮಿಕರ, ಅಂದ್ರೆ ಇವರಂಗೆ ಆ್ಯಪ್ ಮೂಲಕ ದುಡಿಯೋರ, ಮಸೂದೆಯ ಕರಡು ಹೊರಗೆ ಬಿಡ್ತು. ಕಾರ್ಮಿಕರನ್ನ ಕೆಲಸದಿಂದ ತೆಗೆದುಹಾಕೋ ಮುಂಚೆ ಕಾರಣ ಬರೆದು ತಿಳಿಸಿ, 14 ದಿನದ ನೋಟಿಸ್ ಕೊಡಬೇಕು ಅಂತ ಅದರಲ್ಲಿತ್ತು. ಜನ ಸಲಹೆ ಕೊಡೋಕೆ ಸಿಕ್ಕಿದ್ದು ಹತ್ತೇ ದಿನ. 2025ರಲ್ಲಿ ಅದು ಕಾಯ್ದೆ ಆಯ್ತು.

ಹತ್ತು ದಿನ ಸಾಲಲ್ಲ, ನಿಜ. ಕನಿಷ್ಠ 30 ದಿನ ಕರಡನ್ನ ಜನರ ಮುಂದೆ ಇಡಬೇಕು, ಜತೆಗೆ ಸರಳ ಭಾಷೆಯ ವಿವರಣೆ ಕೊಡಬೇಕು ಅನ್ನೋ 2014ರ ನೀತಿ ಇದೆ. ಆದ್ರೆ ಅದು ಕೇಂದ್ರದ ಇಲಾಖೆಗಳಿಗೆ. ಅದೂ ನೀತಿ ಅಷ್ಟೇ, ಕಾನೂನಲ್ಲ.

[ದೃಶ್ಯ: ರಾಜ್ಯಪತ್ರದ ಪುಟ]

ಕಾಯ್ದೆಯ ಕೆಳಗೆ ಬರೋ ನಿಯಮಗಳ ಕಥೆ ಬೇರೆ. ಕರಡನ್ನ ಮೊದಲು ಪ್ರಕಟಿಸಲೇಬೇಕು ಅಂತ ಎಷ್ಟೋ ಕಾಯ್ದೆಗಳೇ ಹೇಳ್ತವೆ. ಅಂಥ ಕಡೆ ಬಂದ ಆಕ್ಷೇಪಣೆಗಳನ್ನ ಪರಿಗಣಿಸೋದು ಸರ್ಕಾರದ ಕರ್ತವ್ಯ, ಉಪಕಾರ ಅಲ್ಲ. ಕೊನೇ ದಿನಾಂಕ, ಕಳಿಸಬೇಕಾದ ವಿಳಾಸ ಎರಡೂ ಅಧಿಸೂಚನೆಯಲ್ಲೇ ಇರ್ತವೆ. ಮೊದಲು ದಿನಾಂಕ ನೋಡ್ರಿ.

ಈಗ ಬರೆಯೋ ವಿಷಯ. "ಈ ಕಾನೂನು ಕಾರ್ಮಿಕ ವಿರೋಧಿ, ಕೂಡಲೇ ವಾಪಸ್ ತಗೊಳ್ಳಿ" ಅಂತ ಒಂದೇ ಸಾಲು ಬರೆದು ನೂರು ಜನ ಸಹಿ ಹಾಕ್ತೀವಿ. ಮೆರವಣಿಗೆಗೆ ಅದು ಸರಿ. ಕರಡು ತಿದ್ದೋಕೆ ಕೂತ ಅಧಿಕಾರಿಗೆ ಅದರಿಂದ ತಿದ್ದೋಕೆ ಏನೂ ಸಿಗಲ್ಲ. ಇಲ್ಲಿ ನಡೀತಿರೋದು ಓಟಿಂಗ್ ಅಲ್ಲ.

ಆ 14 ದಿನದ ನೋಟಿಸನ್ನೇ ತಗೊಳ್ಳಿ. ಮೊದಲು ಖಂಡದ ಸಂಖ್ಯೆ ಬರೀರಿ. ಆಮೇಲೆ ನಿಮ್ಮ ಅನುಭವ: "ಕಂಪನಿಗೆ ನಮ್ಮೂರಲ್ಲಿ ಆಫೀಸಿಲ್ಲ. ಐಡಿ ನಿಂತ ದಿನವೇ ದುಡಿಮೆ ನಿಲ್ಲುತ್ತೆ, ಬೈಕಿನ ಕಂತು ನಿಲ್ಲಲ್ಲ." ಕೊನೆಗೆ, ಏನು ಸೇರಿಸಬೇಕೋ ಆ ವಾಕ್ಯವನ್ನೇ ಬರೆದುಕೊಡಿ: "ನೋಟಿಸಿನ ಅವಧಿಯಲ್ಲಿ ಕಾರ್ಮಿಕರ ಐಡಿ ಚಾಲ್ತಿಯಲ್ಲಿರತಕ್ಕದ್ದು." ಭಾಷೆ ವಕೀಲರ ಹಾಗಿರಬೇಕಿಲ್ಲ. ಬೆಂಗಳೂರಲ್ಲಿ ಕೂತವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದ್ರೆ ಒಂದೇ ಪುಟ ಸಾಕು. ಮಂಡಕ್ಕಿ ಭಟ್ಟಿಯ ಹೊಗೆ ಬಗ್ಗೆ ನಾಳೆ ನಿಯಮ ಬಂದ್ರೆ, ಒಲೆ ಮುಂದೆ ನಿಂತವರಿಗಿಂತ ಚೆನ್ನಾಗಿ ಯಾರು ಹೇಳ್ತಾರೆ?

"ಕರಡು ಇಂಗ್ಲಿಷಲ್ಲಿದೆ, ನಮಗೇನು ಅರ್ಥ ಆಗುತ್ತೆ" ಅನ್ನೋ ಮಾತು ನ್ಯಾಯವಾದದ್ದೇ. 2020ರ ಪರಿಸರ ಪರಿಣಾಮ ಅಂದಾಜು ಕರಡು, ಅಂದ್ರೆ ಗಣಿಯಂಥ ಯೋಜನೆಗೆ ಅನುಮತಿ ಕೊಡೋ ಮುಂಚೆ ಪರಿಸರಕ್ಕೆ ಏನಾಗುತ್ತೆ ಅಂತ ನೋಡೋ ನಿಯಮದ ಕರಡು, ಪಕ್ಕದ ಚಿತ್ರದುರ್ಗದ ಗಣಿ ಹಳ್ಳಿಗಳಿಗೂ ನೇರ ಸಂಬಂಧಪಟ್ಟದ್ದು, ಬಂದಿದ್ದು ಇಂಗ್ಲಿಷ್, ಹಿಂದಿಯಲ್ಲಿ. ಸಂವಿಧಾನದ ಎಂಟನೇ ಅನುಸೂಚಿಯ, ಅಂದ್ರೆ ಕನ್ನಡವೂ ಇರೋ ಪಟ್ಟಿಯ, ಎಲ್ಲಾ ಭಾಷೆಗಳಿಗೂ ಅನುವಾದ ಮಾಡಿಸಿ ಅಂತ ದೆಹಲಿ ಹೈಕೋರ್ಟ್ ಅದೇ ವರ್ಷ ಜೂನ್ 30ಕ್ಕೆ ಹೇಳ್ತು, ಗಡುವನ್ನೂ ಆಗಸ್ಟ್ 11ಕ್ಕೆ ಮುಂದೂಡ್ತು. ಹಾಗಾಗಿ ಅನುವಾದ ಬೇಕು, ಸಮಯ ಬೇಕು ಅಂತ ಕೇಳೋದೂ ಒಂದು ಸಲಹೆನೇ. ಕೇಳೋಕೆ ನಾಚಿಕೆ ಬೇಡ.

ಇದರಿಂದ ಏನಾದ್ರೂ ಆಗುತ್ತಾ? ಎಲ್ಲಾ ಸಲ ಆಗಲ್ಲ. ಆದ್ರೆ 2012ರ ದೆಹಲಿ ಅತ್ಯಾಚಾರ ಪ್ರಕರಣದ ನಂತರ ನ್ಯಾಯಮೂರ್ತಿ ವರ್ಮಾ ಸಮಿತಿಗೆ ಸುಮಾರು 80,000 ಸಲಹೆ ಬಂದವು. ಒಂದೇ ತಿಂಗಳಲ್ಲಿ ವರದಿ ಸಿದ್ಧ ಆಯ್ತು, 2013ರಲ್ಲಿ ಕ್ರಿಮಿನಲ್ ಕಾನೂನು ತಿದ್ದುಪಡಿ ಆಯ್ತು. ಸಮಿತಿ ಹೇಳಿದ್ದನ್ನೆಲ್ಲಾ ಸರ್ಕಾರ ಒಪ್ಪಲಿಲ್ಲ ಅನ್ನೋದೂ ಅಷ್ಟೇ ನಿಜ.

[ದೃಶ್ಯ: ಅಂಚೆ ಕಚೇರಿ ಕೌಂಟರ್]

ಇಮೇಲ್ ಜತೆ ಒಂದು ಪ್ರತಿ ಸ್ಪೀಡ್ ಪೋಸ್ಟಲ್ಲಿ ಹೋಗಲಿ, ರಸೀದಿ ಇಟ್ಕೊಳ್ಳಿ. ಗಡುವು ಮುಗಿದ ಮೇಲೆ ಇಲಾಖೆಗೆ ₹10 ಶುಲ್ಕದ ಆರ್‌ಟಿಐ ಅರ್ಜಿ ಹಾಕಿ, ಬಂದ ಸಲಹೆಗಳ ಮೇಲಿನ ಟಿಪ್ಪಣಿ ಹಾಳೆ, ಅಂದ್ರೆ ಅಧಿಕಾರಿಗಳು ಕಡತದಲ್ಲಿ ಬರೆದ ಅಭಿಪ್ರಾಯ, ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಒಳಗೆ.